ಮೂರನೇ ಮಾಳಿಗೆಯ ಮದುಮಗಳು

ಪೂವಪ್ಪನವರು ವಿದ್ಯುತ್ ಕಚೇರಿಯ ವಿಚಾರಣೆ ಕೌಂಟರಿನಲ್ಲಿ ಒಂದು ಇಡೀ ಆಯುಷ್ಯ ಕೂತು ನಿವೃತ್ತರಾದವರು. ಕರೆಂಟ್ ಯಾವಾಗ ಬರುತ್ತದೆ ಎಂದು ಫೋನಿನಲ್ಲಿ ಯಾರು ಕೇಳಿದರೂ ಉತ್ತರ ಕೊಡುವುದು ಅವರ ಕೆಲಸ. ಉತ್ತರ ಗೊತ್ತಿರಬೇಕೆಂಬ ನಿಯಮವೇನೂ ಇರಲಿಲ್ಲ. "ಲೈನಿಗೆ ಮರ ಬಿದ್ದಿದೆ, ತೆಗೀತಾ ಇದ್ದಾರೆ, ಈಗ ಬರ್ತದೆ" ಎಂದು ಅವರು ಹೇಳಿದರೆ ಜನ ಸಮಾಧಾನದಿಂದ ಫೋನ್ ಇಡುತ್ತಿದ್ದರು. ಹುಡುಕಿದರೂ ಒಂದು ಮರ ಸಿಗದ ಬಡಾವಣೆಗಳಲ್ಲೂ ಅವರು ಮರ ಬೀಳಿಸಿದ್ದುಂಟು. ಪ್ರಶ್ನೆ ಬಂದ ಕೂಡಲೇ ಉತ್ತರ ಕೊಡಬೇಕು, ಯೋಚನೆ ಆಮೇಲೆ ಮಾಡಿದರಾಯಿತು ಎಂಬುದು ಅವರ ರಕ್ತದಲ್ಲೇ ಸೇರಿಹೋಗಿತ್ತು. ನಿವೃತ್ತಿಯ ದಿನ ಕಚೇರಿಯವರು ಮೇಜು, ಕುರ್ಚಿ, ಬೀಗದ ಕೈ ಎಲ್ಲವನ್ನೂ ವಾಪಸು ತೆಗೆದುಕೊಂಡರು, ಈ ಅಭ್ಯಾಸವನ್ನು ಮಾತ್ರ ಅವರ ಹತ್ತಿರವೇ ಬಿಟ್ಟರು.

ಮಣ್ಣಗುಡ್ಡದ ಒಂದು ಫ್ಲಾಟಿನಲ್ಲಿ, ಮೂರನೇ ಮಾಳಿಗೆಯಲ್ಲಿ, ಅವರ ವಾಸ. ಹೆಂಡತಿ ಮಗನ ಮನೆಯ ಬಾಣಂತನಕ್ಕೆಂದು ಮಸ್ಕತ್‌ಗೆ ಹೋಗಿದ್ದರು. ಮನೆಯಲ್ಲಿ ಉಳಿದವರು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಶ್ರಾವಣಿ ಮತ್ತು ಅವಳ ಆರು ವರ್ಷದ ಮಗಳು ಮನ್ವಿತಾ. ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು; ಅಲ್ಲಿಂದ ಶ್ರಾವಣಿ ಡ್ಯೂಟಿ ಮುಗಿಸಿ ಬರುವವರೆಗೆ ಮಗುವಿಗೆ ಅಜ್ಜ, ಅಜ್ಜನಿಗೆ ಮಗು.

ಮನ್ವಿತಾಳಿಗೆ ಶಬ್ದ ಆಗುತ್ತಿರಲಿಲ್ಲ. ಶಾಲೆಯಲ್ಲಿ ಗಂಟೆ ಹೊಡೆದರೆ ಬೆಂಚಿನ ಅಡಿಗೆ ನುಗ್ಗುತ್ತಿದ್ದಳು. ತಲೆಗೆ ನೀರು ಬಿದ್ದರೆ ಬಿಸಿ ಎಣ್ಣೆ ಬಿದ್ದವರಂತೆ ಕೂಗುತ್ತಿದ್ದಳು. ಅಂಗಿಯ ಕಾಲರು ಕಚ್ಚಿ ಕಚ್ಚಿ ನಾರಾಗಿತ್ತು. ಮನೆಯ ಕರೆಗಂಟೆಯಂತೂ ಅವಳ ಮಹಾಶತ್ರು. ಕೊರಿಯರಿನವ ಒಮ್ಮೆ ಒತ್ತಿದರೆ ಅರ್ಧ ದಿನ ಮಂಚದ ಅಡಿಯೇ ಅವಳ ಮನೆ. ಶಾಲೆಯವರು ಶ್ರಾವಣಿಯನ್ನು ಕರೆದು ಮೆಲ್ಲಗೆ ಹೇಳಿದರು: ಮಗು ಚುರುಕು ಉಂಟು, ಆದರೆ ಚೌತಿ ರಜೆ ಮುಗಿಯುವುದರೊಳಗೆ ಉಳಿದ ಮಕ್ಕಳ ಜೊತೆ ಕೂರಲು ಕಲಿಯದಿದ್ದರೆ ಬೇರೆ ಶಾಲೆ ನೋಡಿಕೊಳ್ಳುವುದು ಒಳ್ಳೆಯದು. ಶ್ರಾವಣಿ ಅಂದು ಊಟ ಮಾಡಲಿಲ್ಲ.

ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಆಂಡ್ರಿಯಾ ಎಂಬ ಥೆರಪಿಸ್ಟ್ ಇದ್ದಳು. ಅವಳು ಮಗುವನ್ನು ಬಟ್ಟೆಯ ಉಯ್ಯಾಲೆಯಲ್ಲಿ ಬಿಟ್ಟು ಬಹಳ ಹೊತ್ತು ಸುಮ್ಮನೆ ನೋಡಿದಳು.

"ಅಂಕಲ್, ಇವಳಿಗೆ ಹುಚ್ಚೂ ಇಲ್ಲ, ಹಟವೂ ಇಲ್ಲ. ನಮಗೆ ಬಾಗಿಲು ತಟ್ಟಿದ ಹಾಗೆ ಕೇಳುವುದು ಇವಳಿಗೆ ಬಾಗಿಲು ಮುರಿದ ಹಾಗೆ ಕೇಳ್ತದೆ, ಅಷ್ಟೇ. ಮೈಗೆ ಭಾರ ಸಿಗಬೇಕು, ಒತ್ತು ಸಿಗಬೇಕು, ತೂಗು ಸಿಗಬೇಕು. ಮೈಗೆ ನೆಲ ಸಿಕ್ಕಿದ್ರೆ ಮನಸ್ಸು ತನ್ನಷ್ಟಕ್ಕೇ ಕೂರ್ತದೆ. ಎಲ್ಲ ಆಟದ ಹಾಗೆ ಮಾಡಿಸಿ. ಅವಳು ಸಾಕು ಅಂದ್ರೆ ಅಲ್ಲಿಗೇ ಸಾಕು."

ಆಟಗಳನ್ನು ಅವಳೇ ಮಾಡಿ ತೋರಿಸಿದಳು. ಅಕ್ಕಿ ತುಂಬಿದ ಟಬ್ಬಿನಲ್ಲಿ ಸಾಮಾನು ಹೂತಿಟ್ಟು ಕಣ್ಣು ಮುಚ್ಚಿ ಹುಡುಕುವುದು, ಭಾರದ ಚೀಲ ಎಳೆಯುವುದು, ಚಾಪೆಯಲ್ಲಿ ಸುತ್ತಿಸಿಕೊಂಡು ಮೇಲಿನಿಂದ ದಿಂಬಿನಲ್ಲಿ ಒತ್ತಿಸಿಕೊಳ್ಳುವುದು, ಕತ್ತಲೆ ಡೇರೆಯೊಳಗೆ ಕೂತು ದುಂಬಿಯ ಹಾಗೆ ಗುಂಯ್‌ಗುಡುವುದು. ಏಡಿಯ ನಡಿಗೆಯನ್ನು ಅಜ್ಜನೂ ಕಲಿಯಬೇಕಾಯಿತು. ಪೂವಪ್ಪನವರು ಪಂಚೆ ಎತ್ತಿ ಕಟ್ಟಿ, ಅಂಗಾತ ಬಾಗಿ, ಕೈಕಾಲು ಊರಿ ಕ್ಲಿನಿಕ್ಕಿನ ತುಂಬ ಹಿಂದೆ ಹಿಂದೆ ನಡೆದರು. ಮೊಮ್ಮಗಳು ಆ ತಿಂಗಳಲ್ಲಿ ಮೊದಲ ಬಾರಿ ನಕ್ಕಳು.

ಅಂದು ವಾಪಸು ಬರುವಾಗ ಲಿಫ್ಟಿನಲ್ಲಿ ಎದುರು ಮನೆಯ ಗೆರ್ಟ್ರೂಡ್ ಬಾಯಿ ಸಿಕ್ಕಿದರು. ಕ್ರಿಶ್ಚಿಯನ್ ಹುಡುಗ ಹುಡುಗಿಯರಿಗೆ ಗಲ್ಫ್‌ನಿಂದ ಬಜ್ಪೆಯವರೆಗೆ ಸಂಬಂಧ ಕೂಡಿಸುವುದು ಅವರ ಬದುಕಿನ ಸಂತೋಷ. ಎರಡು ಮನೆ ಕಂಡರೆ ಸಾಕು, ನಡುವೆ ಚಪ್ಪರ ಹಾಕಲು ಅವರ ಕೈ ತುರಿಸುತ್ತಿತ್ತು.

"ಎಲ್ಲಿಗೆ ಪೂವಪ್ಪಣ್ಣ, ಮಗುವನ್ನು ಕರ್ಕೊಂಡು?"

"ಫಳ್ನೀರ್‌ಗೆ. ಹಲ್ಲು."

ಮಗುವಿನ ಬಾಯಲ್ಲಿ ಹಲ್ಲುಗಳೆಲ್ಲ ನೆಟ್ಟಗೆ ಇದ್ದವು. ಮೊಮ್ಮಗಳು ಕ್ಲಾಸಿಗೇ ಫಸ್ಟ್ ಎಂದು ಕಟ್ಟಡದ ತುಂಬ ಹೇಳಿಕೊಂಡು ಬಂದ ಅಜ್ಜನಿಗೆ ಮಾತ್ರ ಬೇರೆ ಉತ್ತರ ಹೊಳೆಯಲಿಲ್ಲ.

*

ಆಟಿ ತಿಂಗಳು ಬಂತು. ತುಳುನಾಡಿನಲ್ಲಿ ಆಟಿ ಎಂದರೆ ಶುಭಕಾರ್ಯಕ್ಕೆ ರಜೆ, ಸತ್ತವರಿಗೆ ಹಬ್ಬ. ಎಲೆ ಹಾಕಿ ಅವರಿಗೆ ಬಡಿಸುವುದು ಈ ತಿಂಗಳಲ್ಲೇ. ಅವರು ಬಂದು ಹೋಗಿ ಮಾಡುವುದೂ ಈ ತಿಂಗಳಲ್ಲೇ ಎಂದು ತಿಳಿದವರು ಹೇಳುತ್ತಾರೆ. ಮಧ್ಯಾಹ್ನ ಎರಡು ಗಂಟೆಗೇ ಮೋಡ ಕವಿದು ಮನೆಯೊಳಗೆ ಮುಸ್ಸಂಜೆಯಾಗುತ್ತಿತ್ತು.

ಎರಡನೇ ಮಾಳಿಗೆಯಲ್ಲಿ, ಪೂವಪ್ಪನವರ ನೇರ ಕೆಳಗೆ, ಅಸೋಸಿಯೇಶನ್ನಿನ ಸೆಕ್ರೆಟರಿ ಕೃಷ್ಣರಾಜರಿದ್ದರು. ದೇವಸ್ಥಾನದ ಅರ್ಚಕರ ಮನೆತನ, ಬ್ಯಾಂಕಿನ ಕೆಲಸ, ಮಧ್ಯಾಹ್ನ ಊಟಕ್ಕೆ ಮನೆಗೆ ಬರುವ ಪದ್ಧತಿ. ಕೆಲವು ದಿನಗಳಿಂದ ಊಟದ ಹೊತ್ತಿಗೆ ಸರಿಯಾಗಿ ಅವರ ತಲೆಯ ಮೇಲೆ ಯಾರೋ ಏನನ್ನೋ ಎಳೆಯುತ್ತಿದ್ದರು. ಸರ್… ಸರ್… ಎಂದು ಅಡುಗೆಮನೆಯ ಮೇಲಿಂದ ಶುರುವಾಗಿ ಹಾಲ್ ದಾಟಿ ಮಲಗುವ ಕೋಣೆಯಲ್ಲಿ ಅದು ನಿಲ್ಲುತ್ತಿತ್ತು. ಆಮೇಲೆ ಒಂದು ಧಪ್. ಆಮೇಲೆ ಗುಂಯ್ ಎಂಬ ಸದ್ದು, ಗಂಡಸಿನದೂ ಅಲ್ಲ ಹೆಂಗಸಿನದೂ ಅಲ್ಲ. ಕೃಷ್ಣರಾಜರು ಸಾರಿನಲ್ಲಿ ಕೈಯಿಟ್ಟುಕೊಂಡು ಮೇಲೆ ನೋಡುತ್ತ ಕೂರುತ್ತಿದ್ದರು.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಮೇಲೆ ಹೋದರು. ಗಾಳಿಗೆಂದು ಬಾಗಿಲು ಸ್ವಲ್ಪ ತೆರೆದಿತ್ತು. ಇಣುಕಿದರೆ, ಹಾಲಿನ ಮಧ್ಯೆ ಸುರುಳಿ ಸುತ್ತಿದ ಒಂದು ಚಾಪೆ. ಚಾಪೆಯ ಒಂದು ತುದಿಯಿಂದ ಎರಡು ಪುಟ್ಟ ಪಾದ ಹೊರಗೆ. ಪಕ್ಕದಲ್ಲಿ ಪೂವಪ್ಪನವರು ಮೊಣಕಾಲೂರಿ ಕೂತು, ದಿಂಬು ಹಿಡಿದು, ಆ ಚಾಪೆಯನ್ನು ಸಾವಧಾನವಾಗಿ, ಭಕ್ತಿಯಿಂದ ಒತ್ತುತ್ತಿದ್ದರು.

ಕೃಷ್ಣರಾಜರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಗೆರ್ಟ್ರೂಡ್ ಬಾಯಿಗೆ ಫೋನ್ ಮಾಡಿ, "ನೀವು ಎದುರು ಮನೆಯವರು, ಹೆಂಗಸರು ಬೇರೆ. ಏನಂತ ಒಮ್ಮೆ ನೋಡಿ ಬನ್ನಿ" ಎಂದರು. ಹೆಂಗಸರಾಗಿರುವುದಕ್ಕೂ ಹೆಣ ನೋಡುವುದಕ್ಕೂ ಏನು ಸಂಬಂಧವೆಂದು ಅವರು ವಿವರಿಸಲಿಲ್ಲ.

ಮರುದಿನ ಮಧ್ಯಾಹ್ನ ಬಾಯಿ ಒಂದು ತಟ್ಟೆ ಪತ್ರೊಡೆ ಹಿಡಿದು ಎದುರು ಮನೆಯ ಬಾಗಿಲು ಮೆಲ್ಲಗೆ ದೂಡಿದರು. ಕರೆಂಟ್ ಇರಲಿಲ್ಲ. ಕತ್ತಲಲ್ಲಿ ಮೊದಲು ಕಂಡದ್ದು ಅಕ್ಕಿಯ ಟಬ್ಬು. ಅಕ್ಕಿಯ ನಡುವಿನಿಂದ ಗೊಂಬೆಯ ಒಂದು ಕೈ ಮೇಲೆದ್ದು ನಿಂತಿತ್ತು. ಅದರ ಹಿಂದೆ, ಹಿಂದಿನ ಕಾಲದಲ್ಲಿ ತೊಟ್ಟಿಲು ಕಟ್ಟಿದ್ದ ಚಾವಣಿಯ ಕೊಕ್ಕೆಯಿಂದ, ಹಳೆಯ ಸೀರೆಯ ಒಂದು ಗಂಟು ಇಳಿದುಕೊಂಡು ತನ್ನಷ್ಟಕ್ಕೆ ಅತ್ತ ಇತ್ತ ತೂಗುತ್ತಿತ್ತು. ಗಂಟಿನೊಳಗಿಂದ ಗುಂಯ್ ಎಂಬ ಸದ್ದು. ಅಡುಗೆಮನೆಯ ಕಡೆಯಿಂದ ಮನುಷ್ಯನಂಥದ್ದೇ ಒಂದು ಆಕೃತಿ, ಹೊಟ್ಟೆ ಮೇಲೆ ಮಾಡಿ, ನಾಲ್ಕು ಕಾಲಿನಲ್ಲಿ ಹಿಂದೆ ಹಿಂದೆ ನಡೆಯುತ್ತ ಬಂದು ಅವರ ಕಾಲಿಗೆ ತಾಗಿ ನಿಂತಿತು.

"ಸಾಯ್ಬಾ ಭೊಗೊಸ್!" ಬಾಯಿ ಕೊಂಕಣಿಯಲ್ಲಿ ದೇವರ ಕ್ಷಮೆ ಬೇಡಿ ಶಿಲುಬೆಯ ಗುರುತು ಹಾಕಿಕೊಂಡರು. ತಟ್ಟೆ ಮಾತ್ರ ಬಿಡಲಿಲ್ಲ.

ಪೂವಪ್ಪನವರು ಎದ್ದು ಪಂಚೆ ಸರಿಮಾಡಿಕೊಂಡರು.

"ಪೂವಪ್ಪಣ್ಣ… ಅದು ಎಂತದು? ಆ ನೇತಾಡುವುದು?"

ಅದು ನನ್ನ ಮೊಮ್ಮಗಳು ಎಂದರೆ ಮುಗಿಯುತ್ತಿತ್ತು. ಆದರೆ ಅದರ ಬೆನ್ನಿಗೆ ಬರುವ ಪ್ರಶ್ನೆ ಅವರಿಗೆ ಆಗಲೇ ಕಾಣಿಸಿತು. ಮಗು ಯಾಕೆ ಹಾಗೆ? ಮಗು ಸರಿ ಉಂಟಲ್ವಾ? ಈ 'ಸರಿ ಉಂಟಲ್ವಾ' ಎಂಬ ಮಾತಿಗೆ ಅವರು ಯಮನಿಗಿಂತ ಹೆಚ್ಚು ಹೆದರುತ್ತಿದ್ದರು.

"ಆಟಿ ಅಲ್ವಾ ಬಾಯಮ್ಮ. ನಮ್ಮಲ್ಲಿ ಸತ್ತವರದ್ದು… ಸ್ವಲ್ಪ ಉಂಟು."

"ಯಾರು ಸತ್ತದ್ದು?"

ಪೂವಪ್ಪನವರ ಕಣ್ಣು ಸಹಾಯಕ್ಕಾಗಿ ಗೋಡೆಯ ಮೇಲೆ ಓಡಿತು. ಅಲ್ಲಿ ಯಾವುದೋ ಕಲ್ಯಾಣ ಮಂಟಪದವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು.

"ಕಲ್ಯಾಣಿ. ನನ್ನ ಅಕ್ಕ."

"ನೀವು ಒಂದು ದಿನ ಹೇಳಿದ್ದೇ ಇಲ್ಲ ಮಾರಾಯ್ರೆ!"

"ಸಣ್ಣದಿರುವಾಗಲೇ ಹೋದದ್ದು. ಆರು ವರ್ಷ."

"ಮತ್ತೆ ಆ ಎಳೆಯುವ ಶಬ್ದ?"

"ಅವಳಿಗೆ ಗಲಾಟೆ ಆಗುವುದಿಲ್ಲ. ಗಲಾಟೆ ಆದ್ರೆ ಎಳೀತಾಳೆ."

"ಎಂತ ಎಳೆಯುವುದು?"

"ಸಿಕ್ಕಿದ್ದನ್ನು."

ಅಷ್ಟರಲ್ಲಿ ಗಂಟಿನೊಳಗಿಂದ ಒಂದು ಸಣ್ಣ ದನಿ ಬಂತು: "ಇನ್ನೂ ಬಿಗಿ!"

"ಆಯ್ತು ಅಕ್ಕಾ" ಎಂದರು ಪೂವಪ್ಪನವರು, ಬಹಳ ವಿನಯದಿಂದ.

ಬಾಯಿ ಪತ್ರೊಡೆಯನ್ನು ನೆಲದ ಮೇಲಿಟ್ಟು ಹಿಮ್ಮುಖವಾಗಿ ಹೊರಟರು. ಹೊಸ್ತಿಲಲ್ಲಿ ಮಾತ್ರ ನಿಂತರು. ಭಯದ ಮಧ್ಯೆಯೂ ಅವರ ಕಣ್ಣಿನಲ್ಲಿ ಒಂದು ಹಳೆಯ ದೀಪ ಹೊತ್ತಿಕೊಂಡಿತ್ತು. "ಪೂವಪ್ಪಣ್ಣ, ಹಾಗಾದ್ರೆ ಅವಳಿಗೆ ಮದುವೆ ಆಗಿಲ್ಲ?"

"ಆರು ವರ್ಷದ ಮಗುವಿಗೆ ಎಂತ ಮದುವೆ ಬಾಯಮ್ಮ?"

"ಪಾಪ" ಎಂದರು ಬಾಯಿ, ಏನೋ ಲೆಕ್ಕ ಹಾಕುತ್ತ.

*

ಸಂಜೆಯೊಳಗೆ ಸುದ್ದಿ ಕಟ್ಟಡವಿಡೀ ಹರಡಿತು. ಮೂರನೇ ಮಾಳಿಗೆಯ ಮನೆಯ ಕರೆಗಂಟೆಯನ್ನು ಒತ್ತುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಹಾಲಿನವನು ಪ್ಯಾಕೆಟನ್ನು ಎರಡನೇ ಮಾಳಿಗೆಯ ಮೆಟ್ಟಿಲಲ್ಲಿಟ್ಟು ಕೈಮುಗಿದು ಹೋಗುತ್ತಿದ್ದ. ಮೇಲಿನ ಮನೆಯವರು ಗೋಡೆ ಕೊರೆಯುವ ಯಂತ್ರ ನಿಲ್ಲಿಸಿದರು. ಅಸೋಸಿಯೇಶನ್ನಿನ ವಾಟ್ಸಾಪಿನಲ್ಲಿ ಕೃಷ್ಣರಾಜರ ಸೂಚನೆ ಬಂತು: 'ಮೂರನೇ ಮಾಳಿಗೆಯ ಹಿರಿಯರ ಶಾಂತಿಗೆ ಭಂಗ ಬಾರದಂತೆ ಮೆಟ್ಟಿಲುಗಳಲ್ಲಿ ಜೋರಾಗಿ ಮಾತನಾಡಬಾರದು. ಕುಕ್ಕರ್ ಸೀಟಿಯ ಬಗ್ಗೆಯೂ ಗಮನ ಇರಲಿ.' ಆರು ವರ್ಷಕ್ಕೆ ಸತ್ತವಳನ್ನು ಹಿರಿಯರೆನ್ನಬಹುದೇ ಎಂದು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಒಮ್ಮೆ ಲಿಫ್ಟಿನ ಎದುರು ಕೃಷ್ಣರಾಜರು ದನಿ ತಗ್ಗಿಸಿ ಕೇಳಿದರು. "ಪೂವಪ್ಪನವರೇ, ನಿಮ್ಮ ಅಕ್ಕ… ಅವರು ಲಿಫ್ಟ್ ಉಪಯೋಗಿಸ್ತಾರಾ?"

"ಇಳಿಯುವಾಗ ಮಾತ್ರ."

ಅಂದಿನಿಂದ ಕೃಷ್ಣರಾಜರು ಹತ್ತುವಾಗಲೂ ಇಳಿಯುವಾಗಲೂ ಮೆಟ್ಟಿಲನ್ನೇ ಹಿಡಿದರು. ಅವರ ಮಂಡಿನೋವಿಗೂ ಕಲ್ಯಾಣಿಯೇ ಕಾರಣವೆಂದು ಆಮೇಲೆ ತೀರ್ಮಾನವಾಯಿತು.

ಶ್ರಾವಣಿ ಮನೆಗೆ ಬಂದವಳು, "ಅಪ್ಪಾ, ಎಂತ ಆಗಿದೆ ಇಲ್ಲಿ? ವಾಚ್‌ಮನ್ ನನ್ನ ಮುಖ ನೋಡುವುದೇ ಇಲ್ಲ, ಪಾದ ಯಾವ ಕಡೆಗುಂಟು ಅಂತ ನೋಡ್ತಾನೆ" ಎಂದಳು.

"ಹೊಸ ಚಪ್ಪಲಿ ಅಲ್ವಾ" ಎಂದರು ಪೂವಪ್ಪನವರು.

ಸುಳ್ಳನ್ನು ಮರುದಿನವೇ ತಿದ್ದಿಬಿಡಬೇಕೆಂದು ಅವರಿಗೆ ಅನ್ನಿಸಿದ್ದು ನಿಜ. ಆದರೆ ಕಟ್ಟಡ ಸ್ತಬ್ಧವಾದ ಮೇಲೆ ಮಗು ಅರಳತೊಡಗಿತು. ಗಂಟೆಯ ಭಯವಿಲ್ಲ, ಕೊರೆಯುವ ಯಂತ್ರವಿಲ್ಲ. ಆಟ ಮುಗಿಸಿ ಮನ್ವಿತಾ ಕೂತಲ್ಲಿ ಕೂತು ಬಣ್ಣ ತುಂಬಿದಳು. ಒಂದು ದಿನ ತಾನೇ ಚೆಂಬು ಹಿಡಿದು ತಲೆಗೆ ನೀರು ಹೊಯ್ದುಕೊಂಡಳು. ಸಿಟ್ಟು ಬಂದಾಗ ಕಾಲರು ಕಚ್ಚುವ ಬದಲು, "ಅಜ್ಜ, ನಂಗೆ ಈಗ ಚಾಪೆ ಬೇಕು" ಎಂದು ಬಾಯಿಬಿಟ್ಟು ಹೇಳಿದಳು. ಶ್ರಾವಣಿ ಅಡುಗೆಮನೆಗೆ ಹೋಗಿ ಅತ್ತಳು, ಸಂತೋಷಕ್ಕೆ. ಇಷ್ಟು ಉಪಕಾರ ಮಾಡುವ ದೆವ್ವವನ್ನು ಯಾವ ಬಾಯಿಯಿಂದ ಇಲ್ಲವೆನ್ನುವುದು?

ಆದರೆ ಒಂದು ಮಧ್ಯಾಹ್ನ, ಬೆಡ್‌ಶೀಟಿನ ಡೇರೆಯೊಳಗಿಂದ ಮನ್ವಿತಾ ಯಾರೊಂದಿಗೋ ಪಿಸುಗುಟ್ಟುವುದು ಕೇಳಿಸಿತು.

"ಯಾರ ಹತ್ರ ಮಗಾ ಮಾತು?"

"ಕಲ್ಯಾಣಿ."

ಬಾಗಿಲಿನಲ್ಲಿ ಆಡಿದ ಮಾತು ಕೇಳಿಸಿಕೊಂಡಿರಬೇಕು ಎಂದು ಪೂವಪ್ಪನವರು ನಕ್ಕರು.

"ಅಜ್ಜ, ಚಾಪೆ ಸಾಲುವುದಿಲ್ಲ ಅಂತೆ ಅವಳಿಗೆ. ಮುಡಿ ಬೇಕಂತೆ."

ನಗು ಅರ್ಧಕ್ಕೇ ನಿಂತಿತು. "ಯಾವ ಮುಡಿ?"

"ಹುಲ್ಲಿಂದು. ದುಂಡಗೆ ಇರ್ತದಂತೆ, ಒಳಗೆ ಅಕ್ಕಿ. ಅದನ್ನು ಅಪ್ಪಿ ಹಿಡಿದು ಮಲಗಿದ್ರೆ ಶಬ್ದ ಒಳಗೆ ಬರುವುದಿಲ್ಲ ಅಂತೆ."

ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಹುಲ್ಲಿನ ಹಗ್ಗ ಸುತ್ತಿದ ಮುಡಿಯನ್ನು ಪೂವಪ್ಪನವರೇ ನೋಡಿ ವರ್ಷಗಳಾಗಿದ್ದವು. ಪ್ಲಾಸ್ಟಿಕ್ ಚೀಲದ ಅಕ್ಕಿಯಲ್ಲೇ ಹುಟ್ಟಿ ಬೆಳೆದ ಮಗುವಿಗೆ ಅದನ್ನು ಯಾರು ಹೇಳಿದರು? ಅವರು ಟಬ್ಬಿನ ಕಡೆ ನೋಡಿದರು. ಅಕ್ಕಿಯ ಮೇಲೆ ಎರಡು ಪುಟ್ಟ ಅಂಗೈಗಳ ಅಚ್ಚು ಇತ್ತು. ಅದರ ಎದುರಿಗೆ, ಟಬ್ಬಿನ ಆಚೆ ಬದಿಯಿಂದ ಚಾಚಿದ ಹಾಗೆ, ಇನ್ನೆರಡು. ಅವು ಸ್ವಲ್ಪ ಸಣ್ಣವು.

"ಮರ ಬಿದ್ದಿದೆ" ಎಂದು ಅವರು ತಮಗೆ ತಾವೇ ಹೇಳಿಕೊಂಡರು. "ಈಗ ಬರ್ತದೆ." ಜೀವನದಲ್ಲಿ ಮೊದಲ ಬಾರಿ ಆ ಉತ್ತರದಿಂದ ಯಾರಿಗೂ ಸಮಾಧಾನವಾಗಲಿಲ್ಲ.

*

ಆ ವಾರವೇ ಗೆರ್ಟ್ರೂಡ್ ಬಾಯಿ ಸಂಬಂಧ ತಂದರು. ಮದುವೆಯಾಗದೆ ಸತ್ತವರಿಗೆ ಆಟಿಯಲ್ಲಿ ಮದುವೆ ಮಾಡಿಸುವ ಕ್ರಮ ತುಳುವರಲ್ಲಿ ಉಂಟು. ಕುಲೆ ಮದುವೆ ಎನ್ನುತ್ತಾರೆ. ಎರಡೂ ಕಡೆಯವರು ಬದುಕಿರುವವರ ಮದುವೆಯ ಹಾಗೆಯೇ ಮನೆ ನೋಡಿ, ಒಪ್ಪಿ, ಸೀರೆ ಇಟ್ಟು ನಡೆಸಬೇಕು. ಬಾಯಿ ತಮ್ಮ ಧರ್ಮಕ್ಕೆ ಹೊರಗಿನದೆಂದು ಹಿಂದೆ ಸರಿಯಲಿಲ್ಲ. ಆತ್ಮಗಳಿಗಾಗಿ ದಿನಾ ಪ್ರಾರ್ಥನೆ ಮಾಡುವವರು ಅವರು, ಇದು ಅದೇ ಸೇವೆಯ ಇನ್ನೊಂದು ಇಲಾಖೆ ಎಂದುಕೊಂಡರು.

"ಉರ್ವ ಮಾರ್ಕೆಟಿನಲ್ಲಿ ತರಕಾರಿ ಮಾರುವ ಜಲಜಕ್ಕ ಇಲ್ವಾ, ಅವರ ತಮ್ಮ. ಶೀನ ಅಂತ. ಎಂಟು ವರ್ಷಕ್ಕೆ ಹೋದದ್ದು. ನಿಮ್ಮ ಅಕ್ಕನಿಗಿಂತ ಎರಡು ವರ್ಷ ದೊಡ್ಡವ, ಜೋಡಿ ಸರೀ ಆಗ್ತದೆ. ಹುಡುಗ ಕುಡಿಯುವುದಿಲ್ಲ, ಸಿಗರೇಟ್ ಇಲ್ಲ, ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಮಾತು ಕೇಳಿದ್ದಿಲ್ಲ. ಬದುಕಿರುವವರಲ್ಲಿ ಇಂಥ ಹುಡುಗ ನಂಗೆ ಒಬ್ಬ ಸಿಕ್ಕಿಲ್ಲ, ಪೂವಪ್ಪಣ್ಣ. ಆದಿತ್ಯವಾರ ಮನೆ ನೋಡ್ಲಿಕ್ಕೆ ಬರ್ತಾರೆ."

"ಆಯ್ತು" ಎಂದುಬಿಟ್ಟರು ಪೂವಪ್ಪನವರು. ಯೋಚನೆ ಆಮೇಲೆ ಬಂತು, ಬೆವರಿನ ಸಮೇತ.

ಮನೆ ತೋರಿಸಲು ಹಿರಿಯರೊಬ್ಬರು ಬೇಕಲ್ಲ? ಕಿನ್ನಿಗೋಳಿಯಲ್ಲಿ ಎಂಬತ್ತು ದಾಟಿದ ಅವರ ದೊಡ್ಡಕ್ಕ ಲೀಲಕ್ಕ ಇದ್ದರು. ಪೂವಪ್ಪನವರು ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಅಕ್ಕ, ನೀನು ಬಂದು ಒಂದು ಮಾತು ಹೇಳಿದ್ರೆ ಸಾಕು. ನಮಗೆ ಕಲ್ಯಾಣಿ ಅಂತ ಒಬ್ಳು ಇದ್ಳು, ಆರು ವರ್ಷಕ್ಕೆ ತೀರಿಹೋದ್ಳು ಅಂತ."

ಆ ಕಡೆಯಿಂದ ಫೋನ್ ಕಟ್ಟಾಯಿತು.

"ನೆಟ್‌ವರ್ಕ್ ಇಲ್ಲ" ಎಂದು ಪೂವಪ್ಪನವರು ಗೋಡೆಗೆ ಹೇಳಿದರು.

*

ಆದಿತ್ಯವಾರ ಮಧ್ಯಾಹ್ನ ಶ್ರಾವಣಿಗೆ ಡ್ಯೂಟಿ. ಗಂಡಿನ ಕಡೆಯವರು ನಾಲ್ಕೈದು ಜನ ಬರಬಹುದೆಂದು ಪೂವಪ್ಪನವರ ಅಂದಾಜು. ಒಂದು ಟೆಂಪೋ ತುಂಬ ಬಂದರು. ಎಲ್ಲರೂ ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿದರು. ಜಲಜಕ್ಕ ಹಸಿರು ಸೀರೆ, ಹೂವು, ಬಳೆ ಇಟ್ಟ ಹರಿವಾಣ ಹಿಡಿದಿದ್ದರು. ಅವರ ಮಾವ ಎಂಬ ಒಬ್ಬ ದಪ್ಪ ಮೀಸೆಯ ಗೃಹಸ್ಥರು ಕೈಗಂಟೆ ತಂದಿದ್ದರು. ಸತ್ತವರನ್ನು ಮಾತಾಡಿಸುವುದರಲ್ಲಿ ಊರಿನಲ್ಲೇ ತಮ್ಮನ್ನು ಬಿಟ್ಟರಿಲ್ಲ ಎಂಬುದು ಅವರ ಅಭಿಪ್ರಾಯ. ಹಿಂದೆ ಗೆರ್ಟ್ರೂಡ್ ಬಾಯಿ, ಅವರ ಹಿಂದೆ ಗೋಡೆಗೆ ಅಂಟಿಕೊಂಡು ಅಸೋಸಿಯೇಶನ್ನಿನ ಪರವಾಗಿ ಕೃಷ್ಣರಾಜರು.

ಮೀಸೆಯವರಿಗೆ ಈ ಮನೆಯ ನಿಯಮ ಗೊತ್ತಿರಲಿಲ್ಲ. ಅವರು ಕರೆಗಂಟೆಯ ಮೇಲೆ ಇಟ್ಟ ಹೆಬ್ಬೆರಳನ್ನು ಬಾಗಿಲು ತೆರೆಯುವವರೆಗೂ ತೆಗೆಯಲಿಲ್ಲ.

ಒಳಗಿನಿಂದ ಒಂದು ಕಿರುಚಾಟ ಎದ್ದಿತು. ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಗೇಟಿನ ವಾಚ್‌ಮನ್ನನವರೆಗೂ ಹೋಯಿತು. ಮನ್ವಿತಾ ಎರಡೂ ಕೈಯಲ್ಲಿ ಕಿವಿ ಮುಚ್ಚಿ, ಟಬ್ಬು ಮಗುಚಿ, ಅಕ್ಕಿಯ ಮೇಲೆ ಜಾರಿ, ಮಂಚದ ಅಡಿಗೆ ನುಗ್ಗಿದಳು. ಒಳಗಿನಿಂದ ಹಲಗೆಗೆ ತಲೆ ಬಡಿಯುವ ಸದ್ದು. ಧಪ್. ಧಪ್. ಧಪ್.

"ಬಂದಳು!" ಎಂದರು ಮೀಸೆಯವರು ಬಹಳ ತೃಪ್ತಿಯಿಂದ. "ಮಗುವಿನ ಮೈಮೇಲೆ ಬಂದಿದ್ದಾಳೆ. ಯಾರೂ ಹೆದರಬೇಡಿ." ಎಲ್ಲರೂ ಹೆದರಿದರು. ಒಬ್ಬಳು ಅತ್ತಳು, ಒಬ್ಬ ದೇವರ ಹೆಸರು ಕೂಗಿದ, ಯಾರೋ ಸ್ಟೀಲ್ ತಟ್ಟೆ ಬಡಿದರು. ಮೀಸೆಯವರು ಮಂಚದ ಎದುರು ಕೂತು ಕೈಗಂಟೆ ಆಡಿಸುತ್ತ ಕೂಗಿದರು. "ಕಲ್ಯಾಣೀ! ಮಾತಾಡು! ಗಂಡು ಒಪ್ಪಿಗೆಯಾ?"

ಧಪ್, ಧಪ್, ಧಪ್ ಎಂದಿತು ಮಂಚ.

"ಒಪ್ಪಿಗೆ ಅಂತೆ!" ಎಂದು ಬಾಗಿಲಲ್ಲಿ ಬಾಯಿ ಎಲ್ಲರಿಗೂ ತಿಳಿಸಿದರು.

ಪೂವಪ್ಪನವರು ಮಂಚದ ಅಡಿಗೆ ಬಗ್ಗಿ ನೋಡಿದರು. ಮೊಮ್ಮಗಳ ಹಣೆ ಕೆಂಪಾಗಿತ್ತು. ತುಟಿ ಅಲ್ಲಾಡುತ್ತಿತ್ತು. ಅವಳು ಹೇಳುತ್ತಿದ್ದುದು ಒಂದೇ ಮಾತು: ಅಜ್ಜ, ಸಾಕು. ಅಜ್ಜ, ಸಾಕು. ಅಷ್ಟು ಜನರಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. ಅವಳು ಸಾಕು ಅಂದರೆ ಅಲ್ಲಿಗೇ ಸಾಕು ಎಂದಿದ್ದಳು ಆಂಡ್ರಿಯಾ. ಪೂವಪ್ಪನವರು ಎದ್ದು ಮೀಸೆಯವರ ಕೈಯಿಂದ ಗಂಟೆ ಕಿತ್ತು ಅದರ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದರು.

"ಬಾಯಿ ಮುಚ್ಚಿ ಎಲ್ಲರೂ! ಯಾವ ಕಲ್ಯಾಣಿಯೂ ಇಲ್ಲ! ಇದು ನನ್ನ ಮೊಮ್ಮಗಳು ಮನ್ವಿತಾ. ಅವಳಿಗೆ ಶಬ್ದ ತಡೆಯುವುದಿಲ್ಲ. ಫಳ್ನೀರ್‌ಗೆ ಹೋಗುವುದು ಹಲ್ಲಿಗಲ್ಲ, ಥೆರಪಿಗೆ. ಆ ಗಂಟಿನಲ್ಲಿ ತೂಗಿದ್ದು ಅವಳು, ಚಾಪೆಯಲ್ಲಿ ಇದ್ದದ್ದು ಅವಳು, ಚೀಲ ಎಳೆದದ್ದು ಅವಳು. ಸುಳ್ಳು ಹೇಳಿದ್ದು ನಾನು. ನನಗೆ ನಾಚಿಕೆ ಆಯ್ತು, ಅದಕ್ಕೆ ಹೇಳಿದ್ದು. ಈಗ ದಮ್ಮಯ್ಯ, ಸುಮ್ಮನೆ ಕೂತುಕೊಳ್ಳಿ."

ಮಂಚದ ಸದ್ದು ಮಾತ್ರ ಉಳಿಯಿತು.

"ಮಗು… ಸರಿ ಉಂಟಲ್ವಾ?" ಎಂದು ಗೆರ್ಟ್ರೂಡ್ ಬಾಯಿ ಮೆಲ್ಲಗೆ ಕೇಳಿದರು.

"ಮಗು ಸರಿ ಉಂಟು ಬಾಯಮ್ಮ. ನಾನು ಸರಿ ಇರಲಿಲ್ಲ."

"ಕಲ್ಯಾಣಿ ಇಲ್ಲ ಅಂತ ನಿಂಗೆ ಯಾರು ಹೇಳಿದ್ದು?"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಲೀಲಕ್ಕ ನಿಂತಿದ್ದರು. ಬಸ್ಸಿಳಿದು ಬಂದ ಸೆರಗು ಒದ್ದೆಯಾಗಿತ್ತು. ಕಂಕುಳಲ್ಲಿ ಒಂದು ಪುಟ್ಟ ಅಕ್ಕಿಮುಡಿ, ಹೊಸ ಹುಲ್ಲಿನದು. ಅವರು ಯಾರನ್ನೂ ನೋಡದೆ ಒಳಗೆ ಬಂದು, ಅಕ್ಕಿಯ ಮೇಲೆ ಕೂತು, ಮುಡಿಯನ್ನು ಮಂಚದ ಅಡಿಗೆ ಉರುಳಿಸಿದರು.

ಸದ್ದು ನಿಂತಿತು. ಒಂದು ಪುಟ್ಟ ಕೈ ಹೊರಬಂದು ಹುಲ್ಲನ್ನು ಮುಟ್ಟಿತು, ಹಗ್ಗದ ಗಂಟನ್ನು ಹುಡುಕಿ ಹಿಡಿಯಿತು, ಮುಡಿಯನ್ನು ಒಳಗೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮಂಚದ ಅಡಿಯಿಂದ ಗುಂಯ್ ಎಂಬ ಸದ್ದು ಶುರುವಾಯಿತು, ನಿಧಾನಕ್ಕೆ, ಒಂದೇ ಸಮನೆ.

"ಹೀಗೇ" ಎಂದರು ಲೀಲಕ್ಕ. "ಹೀಗೇ ಮಾಡ್ತಿದ್ಳು. ನೀನು ಆಗ ಹಾಲು ಕುಡಿಯುವ ಮಗು, ಪೂವಪ್ಪ. ನನ್ನ ಬೆನ್ನಿಗೆ ಹುಟ್ಟಿದವಳು ಅವಳು. ಒನಕೆ ಶಬ್ದ ಆಗ್ತಿರಲಿಲ್ಲ, ಮಳೆ ಶಬ್ದ ಆಗ್ತಿರಲಿಲ್ಲ. ಅಟ್ಟದಲ್ಲಿ ಮುಡಿ ಅಪ್ಪಿಕೊಂಡು ಗುಂಯ್ ಅಂತ ಮಲಗಿದ್ರೆ ಅವಳಷ್ಟಕ್ಕೆ ಸರಿಯಾಗ್ತಿತ್ತು. ಏನೋ ಹಿಡಿದಿದೆ ಅಂತ ಹೇಳಿ ಮುಡಿ ಕಿತ್ತುಕೊಂಡ್ರು. ಬಿಡಿಸ್ಲಿಕ್ಕೆ ಅಂತ ಅವಳ ಕಿವಿಯ ಹತ್ರ ತೆಂಬರೆ ಡೋಲು ಬಡಿದ್ರು. ದಿನಗಟ್ಟಲೆ ಬಡಿದ್ರು, ಜ್ವರ ಬಂದ್ರೂ ಬಡಿದ್ರು. ಆಮೇಲೆ ಅವಳೇ ಇರಲಿಲ್ಲ." ಅವರು ಸೆರಗಿನಿಂದ ಮುಖ ಒರೆಸಿದರು. "ಹೆಸರು ಹೇಳಿದ್ರೆ ಬರ್ತಾಳೆ ಅಂತ ಅಮ್ಮ ಯಾರ ಬಾಯಲ್ಲೂ ಹೇಳ್ಲಿಕ್ಕೆ ಬಿಡಲಿಲ್ಲ. ನಿಂಗೆ ಯಾರು ಹೇಳಿದ್ದು ಮಾರಾಯಾ?"

ಪೂವಪ್ಪನವರು ಗೋಡೆಯ ಕ್ಯಾಲೆಂಡರನ್ನು ನೋಡಿದರು. ಆ ಪ್ರಶ್ನೆಗೆ ಅದು ಉತ್ತರವಾಗುವಂತೆ ಕಾಣಲಿಲ್ಲ.

ಮೀಸೆಯವರು ತಮ್ಮ ಗಂಟೆಯನ್ನು ವಾಪಸು ಕೇಳದೆ ಕೂತಿದ್ದರು. ಮೊದಲು ಮಾತಾಡಿದವರು ಜಲಜಕ್ಕ. ಹರಿವಾಣವನ್ನು ಲೀಲಕ್ಕನ ಎದುರಿಗೆ ದೂಡಿ, ಪಿಸುದನಿಯಲ್ಲಿ, "ನಮಗೆ ಸಂಬಂಧ ಒಪ್ಪಿಗೆ" ಎಂದರು. "ವಾಲಗ ಬೇಡ. ನಮ್ಮ ಶೀನನೂ ಜಾಸ್ತಿ ಮಾತಿನವನಲ್ಲ."

*

ಆಟಿ ಮುಗಿಯುವ ಮೊದಲು ಅದೇ ಹಾಲಿನಲ್ಲಿ ಮದುವೆ ನಡೆಯಿತು. ಅಂಥ ಮದುವೆಯನ್ನು ಮಂಗಳೂರು ನೋಡಿರಲಿಕ್ಕಿಲ್ಲ. ಮಂತ್ರ ಪಿಸುಮಾತಿನಲ್ಲಿ. ತೆಂಗಿನಕಾಯಿಯನ್ನು ಕೃಷ್ಣರಾಜರ ಮನೆಯಲ್ಲಿ ಒಡೆದು ತಂದರು. ತಮ್ಮ ಮನೆತನದಲ್ಲಿ ಈ ಕ್ರಮ ಇಲ್ಲವೆಂದು ಹೇಳುತ್ತಲೇ ಅವರು ಬಂದವರಿಗೆಲ್ಲ ಚಪ್ಪಲಿ ಕೆಳಗೇ ಬಿಡಿಸಿದರು. ಬಾಯಿ ಮೀಸೆಯವರ ಪಕ್ಕದಲ್ಲೇ ಕೂತು, ಅವರು ಕೆಮ್ಮಲು ಹೊರಟಾಗಲೆಲ್ಲ ಕಣ್ಣು ಬಿಟ್ಟರು. ಎರಡು ಮಣೆ, ಒಂದರ ಮೇಲೆ ಪಂಚೆ, ಒಂದರ ಮೇಲೆ ಹಸಿರು ಸೀರೆ. ಅಮ್ಮನ ತೊಡೆಗೆ ಒರಗಿ, ಮಡಿಲಲ್ಲಿ ಮುಡಿ ಇಟ್ಟುಕೊಂಡು, ಮನ್ವಿತಾ ಮೊದಲಿನಿಂದ ಕೊನೆಯವರೆಗೆ ಕೂತಳು. ಅಷ್ಟು ಜನರ ಮಧ್ಯೆ ಅವಳು ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಚೌತಿಯ ನಂತರ ಅದೇ ಶಾಲೆಯಲ್ಲಿ ಅವಳು ಉಳಿದದ್ದು ಸಣ್ಣ ಸುದ್ದಿಯಲ್ಲ. ಆದರೆ ಪೂವಪ್ಪನವರು ಇಂದಿಗೂ ಹೇಳುವುದು ಮದುವೆಯ ದಿನದ ಸುದ್ದಿಯನ್ನೇ.

ಎಲ್ಲರೂ ಹೋದಮೇಲೆ ಅವರು ಮಣೆ ಎತ್ತಿಡುತ್ತಿದ್ದರು. ಕರೆಗಂಟೆ ಸದ್ದು ಮಾಡಿತು.

ಅವರ ಕೈಯಿಂದ ಮಣೆ ಬಿತ್ತು. ಮಂಚದ ಅಡಿ ನೋಡಿದರು, ಮಗು ಇರಲಿಲ್ಲ. ಓಡಿ ಬಾಗಿಲು ತೆಗೆದರೆ, ಹೊರಗೆ ಮನ್ವಿತಾ. ಒಂದು ಕೈಯಲ್ಲಿ ಒಂದು ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ತುದಿಗಾಲಲ್ಲಿ ನಿಂತು, ಇನ್ನೊಂದು ಕೈಯ ಬೆರಳನ್ನು ಗಂಟೆಯ ಮೇಲಿಟ್ಟಿದ್ದಳು. ಮುಖ ಬಿಳಿಚಿತ್ತು, ಆದರೆ ಕಣ್ಣು ನಗುತ್ತಿತ್ತು.

"ನಾನೇ ಒತ್ತಿದ್ದು ಅಜ್ಜ."

"ಹೊರಗೆ ಯಾಕೆ ಬಂದದ್ದು ಮಗಾ?"

"ಅವಳಿಗೆ ಟಾಟಾ ಮಾಡ್ಲಿಕ್ಕೆ. ಇನ್ನು ಬೆಲ್ ಒತ್ತಬಹುದು ಅಂತ ಹೇಳಿದ್ಳು."

ಪೂವಪ್ಪನವರು ತಲೆ ಎತ್ತಿದರು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತ್ತು. ಅದರ ಮೇಲಿನ ಕೆಂಪು ಅಂಕೆ ಎರಡಾಯಿತು, ಒಂದಾಯಿತು, ಕೆಳಗೆ ಹೋಗಿ ನಿಂತಿತು.

"ಅಜ್ಜ, ಅವಳು ಎಲ್ಲಿಗೆ ಹೋದದ್ದು?"

ಪೂವಪ್ಪನವರು ಬಾಯಿ ತೆರೆದರು. ಉತ್ತರ ಎಂದಿನ ಹಾಗೆ ನಾಲಗೆಯ ತುದಿಗೇ ಬಂದಿತ್ತು. ಅವರು ಅದನ್ನು ನುಂಗಿಕೊಂಡು, ಮೊಣಕಾಲೂರಿ ಕೂತು, ಮೊಮ್ಮಗಳನ್ನು ಅವಳಿಗೆ ಬೇಕಾದಷ್ಟು ಬಿಗಿಯಾಗಿ ಅಪ್ಪಿಕೊಂಡರು.

"ಗೊತ್ತಿಲ್ಲ ಮಗಾ" ಎಂದರು.